ಹಿತ್ತಲ ಕಡೆಯ ಫ್ರೆಂಚ್ ಬಾಗಿಲು

ಮುನಿವೆಂಕಟಪ್ಪನವರ ಮನೆಯ ಹಿಂಗೋಡೆಯನ್ನು ಒಂದು ಸೋಮವಾರ ಬೆಳಿಗ್ಗೆ ಒಡೆಯಲಾಯಿತು. ಕಾರಣ, ಅವರ ಹೆಂಡತಿ ರುಕ್ಮಿಣಮ್ಮನ ಮಂಡಿನೋವು.

ಬಾವಿ, ಒಗೆಯುವ ಕಲ್ಲು, ಚಕ್ಕೋತದ ಮರ ಎಲ್ಲವೂ ಇದ್ದದ್ದು ಹಿತ್ತಲಲ್ಲಿ. ಮನೆಯೊಳಗಿನಿಂದ ಹಿತ್ತಲಿಗೆ ಬಾಗಿಲಿರಲಿಲ್ಲ. ಹಿಂದೆ ಒಂದಿತ್ತು. ಅದರಲ್ಲಿ ಕಳ್ಳ ನುಗ್ಗಿ ಒಂದು ತಾಮ್ರದ ಹಂಡೆ ಹೊತ್ತುಕೊಂಡು ಹೋದ. ಮುನಿವೆಂಕಟಪ್ಪನವರ ತಂದೆ ಬಾಗಿಲಿಗೆ ಕಲ್ಲು ಮಣ್ಣು ತುಂಬಿ ಮುಚ್ಚಿಸಿದರು. ಅಂದಿನಿಂದ ಆ ಮನೆಯ ಹೆಂಗಸರು ಬೀದಿ ಬಾಗಿಲಿನಿಂದ ಇಳಿದು, ಬಟ್ಟೆ ಅಂಗಡಿ ದಾಟಿ, ಓಣಿ ಹಿಡಿದು, ಬೇಲಿಯ ಸಂದಿಯಲ್ಲಿ ನುಸುಳಿ ಹಿತ್ತಲು ಸೇರುತ್ತಿದ್ದರು. ರುಕ್ಮಿಣಮ್ಮನೂ ಮದುವೆಯಾಗಿ ಬಂದಾಗಿನಿಂದ ಹಾಗೇ ಸುತ್ತಿದ್ದರು. ಈಗ ಮಂಡಿ ಒಪ್ಪಲಿಲ್ಲ.

"ನಿಮ್ಮಪ್ಪ ಬಾಗಿಲು ಮುಚ್ಚಿದ್ದು ಕಳ್ಳನಿಗಲ್ಲ, ನಂಗೆ" ಎಂದರು ರುಕ್ಮಿಣಮ್ಮ. "ದೀಪಾವಳಿಯೊಳಗೆ ಇಲ್ಲೊಂದು ಬಾಗಿಲು ಆಗ್ಬೇಕು. ಇಲ್ಲಾಂದ್ರೆ ಈ ಮನೇಲಿ ನಾನಿರಲ್ಲ."

ಮುನಿವೆಂಕಟಪ್ಪ ಹಿಟ್ಟಿನ ಗಿರಣಿ ಇಟ್ಟವರು. ಗಿರಣಿಯ ಸದ್ದಿನಲ್ಲಿ ಮಾತು ಯಾರಿಗೂ ಕೇಳುವುದಿಲ್ಲವಾದ್ದರಿಂದ ಆಡುವುದನ್ನು ಬಿಟ್ಟಿದ್ದರು. "ಆಯ್ತು" ಎಂದರು.

ದೊಡ್ಡಬಳ್ಳಾಪುರದಲ್ಲಿ ಹಬೀಬುಲ್ಲಾ ಸಾಹೇಬರು ಹಳೇ ಮರಮುಟ್ಟು ಮಾರುತ್ತಿದ್ದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಂಗಲೆ ಕೆಡವಿದಾಗಲೆಲ್ಲ ಅದರ ಬಾಗಿಲುಗಳು ಲಾರಿಯಲ್ಲಿ ಇವರ ಅಂಗಡಿಗೆ ಬರುತ್ತಿದ್ದವು. ಮುನಿವೆಂಕಟಪ್ಪ ಸಾಲಾಗಿ ಒರಗಿಸಿದ್ದ ಬಾಗಿಲುಗಳನ್ನು ನೋಡುತ್ತಾ ಹೋಗಿ ಒಂದರ ಮುಂದೆ ನಿಂತರು. ಎರಡು ಕದ. ಮೇಲಿಂದ ಕೆಳಗಿನವರೆಗೂ ಗಾಜು.

"ಇದೇನು, ಬಾಗಿಲೋ, ಕಿಟಕಿಯೋ?"

"ಫ್ರೆಂಚ್ ಬಾಗಿಲು ಅಂತಾರೆ ಯಜಮಾನ್ರೆ. ಹೆಸರು ಮಾತ್ರ ಅವರದ್ದು, ಮರ ನಮ್ಮ ಶಿವಮೊಗ್ಗದ್ದು. ಬಂಗಲೇಲಿ ದೊರೆ ಇದರ ಮುಂದೆ ಕೂತು ತೋಟ ನೋಡ್ತಿದ್ದ. ಬೇಕು ಅನ್ನಿಸಿದ್ರೆ ಕದ ತಳ್ಳಿ ಹೊರಗೆ ಹೋಗ್ತಿದ್ದ."

"ಹೊರಗಿನೋರು ಒಳಗೆ ನೋಡಿದ್ರೆ?"

"ನಿಮ್ಮನ್ನ ನೋಡೋಕೆ ಯಾರು ಬರ್ತಾರೆ, ಬಿಡಿ."

ಇದು ನಿಜವಾದ್ದರಿಂದ ಮುನಿವೆಂಕಟಪ್ಪ ಆ ಬಾಗಿಲನ್ನೇ ಕೊಂಡರು.

ಬಡಗಿ ಬೈರಣ್ಣ ಬಾಗಿಲಿನ ಸುತ್ತ ಎರಡು ಸಲ ತಿರುಗಿ, "ಇದಕ್ಕೆ ಹೊಸಿಲೇ ಇಲ್ವಲ್ಲ ಗುರುವೇ?" ಎಂದ. ಹೊಸಿಲಿಲ್ಲದ ಬಾಗಿಲನ್ನು ಅವನ ಅಪ್ಪನೂ ಕೂರಿಸಿರಲಿಲ್ಲ. ಒಂದು ಹೊಸಿಲು ಸೇರಿಸುತ್ತೇನೆಂದು ಹೊರಟ.

"ಬೇಡಪ್ಪಾ" ಎಂದರು ರುಕ್ಮಿಣಮ್ಮ. "ಕಾಲೆತ್ತಿ ದಾಟೋಕೆ ಆಗ್ತಿದ್ರೆ ನಾನು ಓಣೀಲೇ ಹೋಗ್ತಿದ್ದೆ. ಪೂಜೆಗೆ ಬೀದಿ ಬಾಗಿಲಿಗೆ ಹೊಸಿಲಿದೆ, ಸಾಕು."

ಬಾಗಿಲು ಹೊಸಿಲಿಲ್ಲದೆ ಕೂತಿತು. ರುಕ್ಮಿಣಮ್ಮ ಕದ ತಳ್ಳಿದರು. ಕೊಡ ಹಿಡಿದು ನೆಟ್ಟಗೆ ಬಾವಿಗೆ ಹೋದರು. ನೀರು ತುಂಬಿಕೊಂಡು ನೆಟ್ಟಗೆ ಒಳಗೆ ಬಂದರು. ಬಟ್ಟೆ ಒಗೆಯುವುದೇನೂ ಇಲ್ಲದಿದ್ದರೂ ಇನ್ನೊಂದು ಸಲ ಹೋಗಿ ಬಂದರು. ಗಂಡನಿಗೆ ಅಂದು ಕಾಫಿ ಎರಡು ಲೋಟ ಸಿಕ್ಕಿತು.

ಪುರಸಭೆಯ ಓವರ್ಸಿಯರ್ ವೆಂಕಟರಮಣಪ್ಪ ಮಾರನೆಯ ವಾರ ಬಂದರು. ಮನೆಗೆ ಹೊಸ ಬಾಗಿಲು ಇಡುವವರು ಪುರಸಭೆಯ ಅನುಮತಿ ಪಡೆಯಬೇಕು.

"ಗೋಡೆ ಒಡೆದದ್ದು ತಪ್ಪಲ್ಲ ಸ್ವಾಮಿ. ಅರ್ಜಿ ಹಾಕದೆ ಒಡೆದದ್ದು ತಪ್ಪು."

"ಈಗ ಹಾಕ್ತೀನಿ."

"ಈಗ ಹೆಂಗೆ ಹಾಕ್ತೀರಿ? ಇಲ್ಲದೇ ಇರೋ ಗೋಡೇನ ಒಡೀರಿ ಅಂತ ಪುರಸಭೆ ಅನುಮತಿ ಕೊಡೋಕಾಗುತ್ತಾ? ಮೊದ್ಲು ಗೋಡೆ ಕಟ್ಟಿಸಿ. ಆಮೇಲೆ ಅರ್ಜಿ ಹಾಕಿ. ಅನುಮತಿ ಬಂದ್ಮೇಲೆ ಒಡೀರಿ. ಬೇಡ ಅಂದೋರ್ಯಾರು?"

"ಬಾಗಿಲು?"

"ಅದನ್ನ ಅಲ್ಲೀವರೆಗೂ ಎಲ್ಲಾದ್ರೂ ಒರಗಿಸಿಡಿ."

ರುಕ್ಮಿಣಮ್ಮ ಒಳಗಿನಿಂದ ಪಾತ್ರೆಯೊಂದನ್ನು ಸ್ವಲ್ಪ ಜೋರಾಗಿ ಇಟ್ಟರು. ವೆಂಕಟರಮಣಪ್ಪ ದನಿ ತಗ್ಗಿಸಿದರು. "ಕಿಟಕಿ ಆಗಿದ್ರೆ ಈ ರಗಳೆ ಇರ್ತಿರಲಿಲ್ಲ. ಕಿಟಕಿಗೆ ಅನುಮತಿ ಬೇಡ."

ಮುನಿವೆಂಕಟಪ್ಪ ಬಾಗಿಲನ್ನೊಮ್ಮೆ ನೋಡಿದರು. ಗಾಜಿತ್ತು. ಹೊಸಿಲಿರಲಿಲ್ಲ. ತಮ್ಮ ಬುದ್ಧಿಗೆ ತಾವೇ ಮೆಚ್ಚಿ, "ಹಂಗಾದ್ರೆ ಕಿಟಕಿ ಅಂತ್ಲೇ ಬರ್ಕೊಳ್ಳಿ" ಎಂದರು. ಆ ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಇದೇ.

ಬಾಗಿಲನ್ನು ಕಿಟಕಿಯೆಂದು ಬರೆದುಕೊಳ್ಳುವ ಅಧಿಕಾರ ಓವರ್ಸಿಯರಿಗೆ ಇರಲಿಲ್ಲ. ಆದ್ದರಿಂದ ಉಪಸಮಿತಿ ರಚನೆಯಾಯಿತು. ಪುರಸಭೆಯ ಅಧ್ಯಕ್ಷ ದೊಡ್ಡಮುನಿಯಪ್ಪನವರು ಸದಸ್ಯರೊಂದಿಗೆ ಸ್ಥಳ ಪರಿಶೀಲನೆಗೆ ಬಂದರು. ಸದಸ್ಯರು ಒಬ್ಬರ ಹಿಂದೊಬ್ಬರು ಒಳಗಿನಿಂದ ಹಿತ್ತಲಿಗೆ ನಡೆದರು. ಹಿತ್ತಲಿನಿಂದ ಒಳಗೆ ನಡೆದರು. ಸಂಶಯ ಉಳಿಯಬಾರದೆಂದು ಮತ್ತೆ ನಡೆದರು. ಅನಂತರ, ಇದರಲ್ಲಿ ಮನುಷ್ಯರು ನಡೆಯಲು ಸಾಧ್ಯವಿಲ್ಲವೆಂದು ಒಮ್ಮತದಿಂದ ತೀರ್ಮಾನಿಸಿದರು. ಹಿತ್ತಲಿಗೆ ಹೋದಾಗ ಚಕ್ಕೋತದ ಹಣ್ಣುಗಳನ್ನೂ ಪರಿಶೀಲಿಸಲಾಯಿತು. ಪರಿಶೀಲಿಸಿದ ಹಣ್ಣುಗಳು ಗೋಣಿಚೀಲದಲ್ಲಿ ಅದೇ ಬಾಗಿಲಿನಿಂದ ಹೊರಟವು.

ಪುರಸಭೆ ಹೊರಡಿಸಿದ ಪ್ರಕಟಣೆ ಹೀಗಿತ್ತು:

"ಸದರಿ ಮನೆಯ ಹಿಂಗೋಡೆಯಲ್ಲಿರುವ, ಬಾಗಿಲಿನಂತೆ ಕಾಣುವ, ಬಾಗಿಲಿನಂತೆ ತೆರೆಯುವ ಹಾಗೂ ಬಾಗಿಲಿನಂತೆ ಮುಚ್ಚುವ ವಸ್ತುವನ್ನು ಕಿಟಕಿಯೆಂದು ಘೋಷಿಸಲಾಗಿದೆ. ಸಾರ್ವಜನಿಕರು ಇನ್ನು ಮುಂದೆ ಇದನ್ನು ಬಾಗಿಲೆಂದು ಕರೆಯತಕ್ಕದ್ದಲ್ಲ. ಎಲ್ಲ ಕಿಟಕಿಗಳಂತೆ ಇದಕ್ಕೂ ಕಬ್ಬಿಣದ ಕಂಬಿ ಹಾಕಿಸತಕ್ಕದ್ದು."

ಮುನಿವೆಂಕಟಪ್ಪ ಪುರಸಭೆಗೆ ಹೋದರು. "ಕಂಬಿ ಹಾಕಿದ್ರೆ ನಮ್ಮೋಳು ಹಿತ್ತಲಿಗೆ ಹೆಂಗೆ ಹೋಗೋದು?"

ದೊಡ್ಡಮುನಿಯಪ್ಪನವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಕಿಟಕೀಲಿ ಯಾರಾದ್ರೂ ಹೋಗ್ತಾರೇನಪ್ಪಾ?"

"ಮಂಡಿನೋವು."

"ಅದು ಆಸ್ಪತ್ರೆಗೆ ಸೇರಿದ ವಿಷಯ. ನೋಡಿ ಮುನಿವೆಂಕಟಪ್ಪನವರೇ, ಕಂಬಿ ಇಲ್ಲದ ಕಿಟಕಿ ಈ ಊರಲ್ಲಿ ಒಂದನ್ನು ತೋರಿಸಿ, ನಿಮಗೂ ಬಿಟ್ಟುಬಿಡ್ತೀನಿ."

ಮುನಿವೆಂಕಟಪ್ಪ ಊರೆಲ್ಲ ನೋಡಿಕೊಂಡು ಬಂದರು. ಕಂಬಿ ಇಲ್ಲದ ಕಿಟಕಿ ಒಂದೂ ಇರಲಿಲ್ಲ. ಮನೆಗೆ ಬಂದು ಹೆಂಡತಿಯನ್ನೇ ಕೇಳಿದರು. "ಕಂಬಿ ಇಲ್ಲದೆ ಕಿಟಕಿ ಎಂಥದು?" ಎಂದರು ರುಕ್ಮಿಣಮ್ಮ, ಅಕ್ಕಿ ಆರಿಸುತ್ತಾ. ಆಮೇಲೆ ಅವರ ಕೈ ನಿಂತಿತು. "ಏನು ಮಾಡ್ಕೊಂಡು ಬಂದ್ರಿ?"

ಕಂಬಿಯನ್ನು ಎಲ್ಲಿಂದ ತರಬೇಕೆಂದು ಪ್ರಕಟಣೆ ಹೇಳಿರಲಿಲ್ಲ. ಅಧ್ಯಕ್ಷರು ಬಾಯಲ್ಲಿ ಹೇಳಿದರು. ಬಸ್ ನಿಲ್ದಾಣದ ಎದುರಿಗೆ ಅವರ ಭಾವಮೈದುನನ ಕಬ್ಬಿಣದ ಅಂಗಡಿಯಿತ್ತು. ಭಾವಮೈದುನ ಗಟ್ಟಿ ಕಂಬಿಗಳನ್ನೇ ಕೊಟ್ಟ. ಬೈರಣ್ಣ ಅವುಗಳನ್ನು ಒಳಮಗ್ಗುಲಿಗೆ ನೆಲದಿಂದ ಮೇಲಿನವರೆಗೆ ಕೂರಿಸಿ, ಅಲ್ಲಾಡಿಸಿ ನೋಡಿ, "ಆನೆ ಬಂದ್ರೂ ಜಗ್ಗಲ್ಲ" ಎಂದ.

"ಆನೆ ಬರ್ತೀನಿ ಅಂದಿತ್ತೇನೋ?" ಎಂದು ರುಕ್ಮಿಣಮ್ಮ ಕೇಳಿದರು.

ಕಂಬಿ ಕೂತ ಮೇಲೆ ಫ್ರೆಂಚ್ ಬಾಗಿಲಿಗೆ ಬೆಲೆ ಬಂತು. ಅಧ್ಯಕ್ಷರು ತಮ್ಮ ಮನೆಗೆ ಬಂದವರನ್ನೆಲ್ಲ ಕರೆತಂದು ತೋರಿಸಿದರು. ಇಷ್ಟು ದೊಡ್ಡ ಕಿಟಕಿ ತಾಲ್ಲೂಕಿನಲ್ಲೇ ಇಲ್ಲವೆಂದು ಮಾತಾಯಿತು. ಸ್ಥಿತಿವಂತರು ಒಬ್ಬೊಬ್ಬರಾಗಿ ಹಬೀಬುಲ್ಲಾ ಸಾಹೇಬರ ಅಂಗಡಿಗೂ, ಅಲ್ಲಿಂದ ಭಾವಮೈದುನನ ಅಂಗಡಿಗೂ ಹೋದರು. ಹಿಂದುಗಡೆ ಒಳ್ಳೆಯ ಬಾಗಿಲಿದ್ದವರು ಅದನ್ನು ಕೀಳಿಸಿ ಗಾಜಿನ ಕದವನ್ನೂ ಕಂಬಿಯನ್ನೂ ಹಾಕಿಸಿದರು. ಹಬೀಬುಲ್ಲಾ ಸಾಹೇಬರು, "ಕಂಬಿ ಯಾಕೆ ಯಜಮಾನ್ರೆ?" ಎಂದು ಒಬ್ಬರನ್ನು ಕೇಳಿದರು. "ಫ್ರೆಂಚ್ ಬಾಗಿಲಿಗೆ ಕಂಬಿ ಇರುತ್ತೆ ಸಾಹೇಬ್ರೆ. ನಿಮಗೆ ಗೊತ್ತಿಲ್ಲ" ಎಂದರು ಅವರು. ಹಬೀಬುಲ್ಲಾ ಸಾಹೇಬರು ಮತ್ತೆ ಯಾರನ್ನೂ ಕೇಳಲಿಲ್ಲ.

ದೀಪಾವಳಿ ಬಂತು. ರುಕ್ಮಿಣಮ್ಮ ಮಾತಿಗೆ ತಪ್ಪುವವರಲ್ಲ. ಎರಡು ಸೀರೆ ಗಂಟು ಕಟ್ಟಿ, "ಗಾಜಲ್ಲಿ ಹಿತ್ತಲು ನೋಡ್ಕೊಂಡಿರಿ. ನಾನು ಬರಲ್ಲ" ಎಂದು ಆವತಿಯ ಬಸ್ಸು ಹತ್ತಿದರು. ಅಲ್ಲಿ ಅವರ ತಮ್ಮ ವೆಂಕಟರಾಯಪ್ಪನ ಮನೆ. ಅಡುಗೆಮನೆಯ ಬಾಗಿಲು ತೆರೆದರೆ ಬಾವಿ.

ವೆಂಕಟರಾಯಪ್ಪ ಅಕ್ಕನನ್ನು ಸಡಗರದಿಂದ ಒಳಗೆ ಕರೆದುಕೊಂಡ. "ಒಳ್ಳೆ ಹೊತ್ತಿಗೆ ಬಂದ್ಬಿಟ್ಟೆ ಕಣಕ್ಕಾ. ನಿಮ್ಮನೇಲಿ ನೋಡ್ಕೊಂಡು ಬಂದಾಗಿಂದ ನಮ್ಮೋಳು ಬಿಡ್ಲೇ ಇಲ್ಲ" ಎಂದು ಅಡುಗೆಮನೆಗೆ ಕರೆದೊಯ್ದ. ಅಲ್ಲಿ ಎರಡು ಗಾಜಿನ ಕದಗಳು ಫಳಫಳ ಹೊಳೆಯುತ್ತಿದ್ದವು. ಅವುಗಳ ಮುಂದೆ ನೆಲದಿಂದ ಮೇಲಿನವರೆಗೆ ಕಂಬಿ. ಆಚೆ ಬಾವಿ ಕಾಣುತ್ತಿತ್ತು. ತಮ್ಮನ ಹೆಂಡತಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬೀದಿಯ ಕಡೆ ಹೊರಟಿದ್ದಳು.

"ಸುತ್ತಾಗುತ್ತೆ ಅತ್ತಿಗೆ, ಆದ್ರೂ ಲಕ್ಷಣವಾಗಿದೆ" ಎಂದಳು.

ರುಕ್ಮಿಣಮ್ಮ ಮಧ್ಯಾಹ್ನದ ಬಸ್ಸಿಗೆ ವಾಪಸಾದರು. ಅವರು ಸೀರೆಯ ಗಂಟು ಒಳಗಿಟ್ಟು, ಮೈಲಿಗೆ ಬಟ್ಟೆಯ ಬುಟ್ಟಿ ಎತ್ತಿಕೊಂಡು, ಓಣಿ ಸುತ್ತಿ ಹಿತ್ತಲಿಗೆ ಹೋದರು.