ಬೇರು ಬಿಟ್ಟವರನ್ನೂ ಬೆನ್ನು ಹಿಡಿದವರನ್ನೂ ಪ್ರತ್ಯೇಕವಾಗಿ ಗುರುತಿಸುವ ಬಗ್ಗೆ

ಶಕ್ತಿ ಚಿಕಿತ್ಸಾ ತರಬೇತಿ ಕೇಂದ್ರ
(ನೆಲದ ನಂಟು ವಿಭಾಗ)

ಸಂಖ್ಯೆ: ನೆ.ನಂ./ಬೇರು/ಬೆನ್ನು/7

ವಿಷಯ: ಅಂಗಳದಲ್ಲಿ ಬೇರು ಬಿಡುವ ಅಭ್ಯಾಸದ ವೇಳೆ ಪಾಲಿಸಬೇಕಾದ ಕ್ರಮಗಳು.

ಉಲ್ಲೇಖ: (ಅ) ಕಳೆದ ವಾರ ಅಂಗಳದಲ್ಲಿ ನಡೆದ ಘಟನೆ.
(ಆ) ಅದೇ ಸಂಜೆ ಪ್ರಧಾನ ಗುರುಗಳ ಪತ್ನಿಯವರು ನೀಡಿದ ಮೌಖಿಕ ಆದೇಶ.

ರೋಗಿಗಳನ್ನು ಮುಟ್ಟುವ ಮೊದಲು ಚಿಕಿತ್ಸಕರು ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ, ತಮ್ಮ ಪಾದಗಳಿಂದ ನೆಲದೊಳಕ್ಕೆ ಬೇರುಗಳು ಇಳಿಯುತ್ತಿವೆಯೆಂದು ಭಾವಿಸತಕ್ಕದ್ದೆಂಬುದು ಕೇಂದ್ರದ ಹಳೆಯ ನಿಯಮ. ಈ ವೇಳೆ ಯಾರೂ ಮಾತಾಡಕೂಡದು, ನೋವು ಕಂಡರೆ ಅದು ಶಕ್ತಿ ಕೆಳಗಿಳಿಯುವ ಲಕ್ಷಣವೆಂದು ತಿಳಿಯಬೇಕು ಎಂಬ ಉಪನಿಯಮವನ್ನು ಪ್ರಧಾನ ಗುರುಗಳೇ ಸೇರಿಸಿರುತ್ತಾರೆ.

ಕಳೆದ ವಾರ ಪಾಠದ ನಡುವೆ ನೆಲ ಮುಟ್ಟಲು ಬಗ್ಗಿದ ಸದರಿ ಗುರುಗಳಿಗೆ ಬೆನ್ನು ಹಿಡಿದುಕೊಂಡಿತು. ಏಳಲಾಗಲಿಲ್ಲ. ಬಾಯಿ ಬಿಟ್ಟರೆ ಇಷ್ಟು ವರ್ಷದ ಮರ್ಯಾದೆ ಹೋಗುತ್ತದೆಂದು ಹಲ್ಲು ಕಚ್ಚಿಕೊಂಡು ಬಗ್ಗಿಯೇ ಇದ್ದರು. ಇದೇ ಮುಂದಿನ ಪಾಠವೆಂದು ವಿದ್ಯಾರ್ಥಿಗಳೂ ಸಾಲಾಗಿ ಬಗ್ಗಿದರು. ಗುರುಗಳ ಕಣ್ಣೀರನ್ನು ಒಬ್ಬರು ಆನಂದಬಾಷ್ಪವೆಂದು ಬರೆದುಕೊಂಡರು. ಇನ್ನೊಬ್ಬರು ಬೇರಿಗೆಂದು ಪಾದಕ್ಕೆ ಒಂದು ಬಕೆಟ್ ನೀರು ಹಾಕಿದರು.

ಹೊಸದಾಗಿ ಸೇರಿದ್ದ ವಿದ್ಯಾರ್ಥಿನಿಯೊಬ್ಬಳು ಮಾತ್ರ ಹತ್ತಿರ ಹೋಗಿ, "ಗುರುಗಳೇ, ನೋಯ್ತಾ ಇದೆಯಾ?" ಎಂದು ಕೇಳಿದಳು. ಬೇರು ಕದಲಿಸಿದ ಆರೋಪದ ಮೇಲೆ ಹಿರಿಯ ವಿದ್ಯಾರ್ಥಿಗಳು ಅವಳನ್ನು ಕೇಂದ್ರದಿಂದಲೇ ಹೊರಹಾಕಿದರು. ಆಗಲೂ ಗುರುಗಳು ತುಟಿ ಬಿಚ್ಚಲಿಲ್ಲ. ಬೆನ್ನಿಗಿಂತ ಈಗ ಅದೇ ಅವರಿಗೆ ಹೆಚ್ಚು ನೋಯುತ್ತಿರುವುದು ವಿಭಾಗದ ಗಮನಕ್ಕೆ ಬಂದಿದೆ.

ಸಂಜೆ ಗಂಡನನ್ನು ಹುಡುಕಿಕೊಂಡು ಬಂದ ಪತ್ನಿಯವರ ಆದೇಶ ಹೀಗಿತ್ತು: "ಬೇರೂ ಇಲ್ಲ, ಗೀರೂ ಇಲ್ಲ. ಎತ್ರಪ್ಪಾ ಇವರನ್ನ."

ಆದ್ದರಿಂದ ಸಕಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಅಂಗಳದಡಿ ನೀರಿನ ಪೈಪು ಹಾದುಹೋಗಿರುವ ಕಡೆ ಆಳವಾದ ಬೇರು ಬಿಡುವಂತಿಲ್ಲ.

2. ಬೇರು ಬಿಟ್ಟವರ ಪಾದಕ್ಕೆ ನೀರು ಹಾಕುವುದನ್ನು ತಕ್ಷಣ ನಿಲ್ಲಿಸತಕ್ಕದ್ದು. ಗುರುಗಳಿಗೆ ನೆಗಡಿಯೂ ಆಗಿದೆ.

3. ಬಗ್ಗಿದವರ ಬಗ್ಗೆ ಸಂಶಯವಿದ್ದಲ್ಲಿ ಎದುರಿನ ಮೇಜಿನ ಮೇಲೆ ಬಿಸಿ ಚಹಾ ಇಡತಕ್ಕದ್ದು. ನೆಟ್ಟಗಾಗಿ ಲೋಟ ಎತ್ತಿಕೊಂಡರೆ ಬೇರು. ಲೋಟವನ್ನೇ ನೋಡುತ್ತ ಬಗ್ಗಿಯೇ ಉಳಿದರೆ ಬೆನ್ನು. ಎರಡೂ ಸಂದರ್ಭಗಳಲ್ಲಿ ಚಹಾವನ್ನು ಪರೀಕ್ಷಕರು ಕುಡಿಯುವಂತಿಲ್ಲ.

4. ಗುರುಗಳು ಬಗ್ಗಿದ ರೀತಿಯನ್ನು 'ಬಾಗುಬೇರು ಭಂಗಿ' ಎಂಬ ಹೆಸರಿನಲ್ಲಿ ಕೆಲವರು ಹೊರಗಿನವರಿಗೆ ಕಲಿಸುತ್ತಿದ್ದಾರೆ. ಅಂಥ ಭಂಗಿ ಇರುವುದಿಲ್ಲ. ಈಗಾಗಲೇ ಅದರಿಂದ ಗುಣ ಕಂಡವರು ಗುಣವನ್ನು ಹಿಂದಿರುಗಿಸಬೇಕಾಗಿಲ್ಲ.

5. ನೋವಾದವರು, ಎಷ್ಟೇ ದೊಡ್ಡವರಾಗಿರಲಿ, ನೋವಾಗುತ್ತಿದೆಯೆಂದು ಗಟ್ಟಿಯಾಗಿ ಹೇಳತಕ್ಕದ್ದು. ನಾಚಿಕೆಯಾದಲ್ಲಿ ಮೆಲ್ಲಗೆ ಹೇಳಬಹುದು. ಇದಕ್ಕೆ ಅಡ್ಡಿಯಾಗಿದ್ದ ಉಪನಿಯಮವನ್ನು ರದ್ದುಪಡಿಸಲಾಗಿದೆ.

6. ಹೊಸ ವಿದ್ಯಾರ್ಥಿನಿಯನ್ನು ಹೊರಹಾಕಿದ ಕ್ರಮವನ್ನು ಹಿಂಪಡೆಯಲಾಗಿದೆ. ಇನ್ನು ಮುಂದೆ ಅವಳು ಮೊದಲ ಸಾಲಿನಲ್ಲಿ, ಗುರುಗಳಿಗೆ ಕೈಗೆಟಕುವ ದೂರದಲ್ಲಿ ನಿಲ್ಲತಕ್ಕದ್ದು.

ಸಹಿ/-
ಪ್ರಧಾನ ಗುರುಗಳು
(ಮಲಗಿಕೊಂಡೇ ಸಹಿ ಮಾಡಿರುತ್ತಾರೆ)

ಪ್ರತಿಗಳು:
ಎಲ್ಲ ವಿದ್ಯಾರ್ಥಿಗಳಿಗೆ: ನೆಟ್ಟಗೆ ನಿಂತು ಓದಿಕೊಳ್ಳಲು.
ಪ್ರಧಾನ ಗುರುಗಳ ಪತ್ನಿಯವರಿಗೆ: ಮಾಹಿತಿಗಾಗಿ, ಅವರಿಗೆ ಮೊದಲೇ ಗೊತ್ತಿದ್ದರೂ.
ಹೊಸ ವಿದ್ಯಾರ್ಥಿನಿಗೆ: ಅಂದು ಕೇಳಿದ ಪ್ರಶ್ನೆಗೆ ಉತ್ತರವಾಗಿ. ಹೌದಮ್ಮ, ತುಂಬಾ ನೋಯ್ತಾ ಇತ್ತು.