ಜಾಗದ ಬ್ರೋಕರಿಗೆ ಲೈಸೆನ್ಸ್ ಸಿಕ್ಕಿದ್ದು

ಮಾನ ಹೋಗುವುದು ಒಂದೇ ಸಲ ಅನ್ನುತ್ತಾರೆ. ಸುಳ್ಳು. ಜಾಗದ ಬ್ರೋಕರ್ ಆದವನಿಗೆ ಅದು ವಾರಕ್ಕೊಮ್ಮೆ ಹೋಗುತ್ತದೆ. ಮತ್ತೆ ಹೋಗುವುದಕ್ಕೆಂದೇ ಹೇಗೋ ವಾಪಸ್ ಬರುತ್ತದೆ.

ಮುತ್ತಾತನ ಕಾಲದಲ್ಲಿ ಹೆಗ್ಗಡದೇವನಕೋಟೆ ಕಡೆಯಿಂದ ಬಂದು ಗಡಿಯಾಚೆ ಮಲಯಾಳ ಸೀಮೆಯ ತೃಶ್ಶಿಲೇರಿಯಲ್ಲಿ ನೆಲೆಸಿದವರು ನಾವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಮೈಸೂರು ಕಡೆಯವರು ಇಲ್ಲಿ ಜಾಗ ನೋಡಲು ಬರತೊಡಗಿದಾಗ ಊರವರು, "ನಿಂಗೆ ಎರಡು ಭಾಷೆನೂ ಬತ್ತದಲ್ಲ, ನೀನೇ ಮಧ್ಯ ನಿಂತ್ಕೊ" ಅಂದರು. ನಿಂತೆ. ಎರಡೂ ಕಡೆಯಿಂದ ಬೈಸಿಕೊಳ್ಳಲು ಅದಕ್ಕಿಂತ ಅನುಕೂಲದ ಜಾಗ ಇಲ್ಲ.

೧. ಕೊನೆಗೊಂದು ಸೊನ್ನೆ

ಮೊದಲ ಗಿರಾಕಿ ಗುಂಡ್ಲುಪೇಟೆಯ ನಿವೃತ್ತ ಮೇಷ್ಟ್ರು. ಮನೆ ಕಟ್ಟಿಸಲು ಹತ್ತು ಸೆಂಟ್ ಜಾಗ ಬೇಕಿತ್ತು. ರಸ್ತೆ ಪಕ್ಕದಲ್ಲೇ ಹುಲ್ಲು ಬೆಳೆದ ಒಂದು ಸಮತಟ್ಟು ತೋರಿಸಿದೆ. ಅವರಿಗೆ ಬಹಳ ಹಿಡಿಸಿತು. ದಾಖಲೆಯ ಕಾಗದದಲ್ಲಿ ಒಂದು ಮಾತಿನ ಮೇಲೆ ಬೆರಳಿಟ್ಟು ಕೇಳಿದರು.

"ಇದೇನು ಬರೆದಿದೆ?"

"ನಿಲಂ ಅಂತಿದೆ ಸಾರ್. ನೆಲ ಅಂತ ಅರ್ಥ. ಮಲಯಾಳದವರು ಕೊನೆಗೊಂದು ಸೊನ್ನೆ ಸೇರಿಸ್ತಾರೆ, ಅಷ್ಟೇ."

ಮೇಷ್ಟ್ರು ಭಾಷೆಗಳ ನಂಟಿನ ಬಗ್ಗೆ ಸಂತೋಷಪಟ್ಟರು. ಆ ಸಂತೋಷದಲ್ಲೇ ಇಬ್ಬರೂ ವಿಲ್ಲೇಜ್ ಆಫೀಸಿಗೆ ಹೋದೆವು. ಅಲ್ಲಿನ ಅಧಿಕಾರಿ ಕಾಗದ ನೋಡಿ, ನಮ್ಮಿಬ್ಬರನ್ನೂ ನೋಡಿ, ದಾಖಲೆಯಲ್ಲಿ ನಿಲಂ ಅಂದರೆ ಗದ್ದೆ, ಹಾಗೆಲ್ಲ ಅಲ್ಲಿ ಮನೆ ಕಟ್ಟುವಂತಿಲ್ಲ ಅಂದರು. ನಲವತ್ತೈದು ವರ್ಷ ಮಲಯಾಳ ಮಾತಾಡಿದ ನನಗೆ ಇದು ಗೊತ್ತಿರಲಿಲ್ಲ. ಕಾಲ ಕೆಳಗಿನ ನೆಲವನ್ನೇ ನೋಡುತ್ತ ನಿಂತೆ. ಸುಮ್ಮನಿರಬಾರದೇ? "ಏನಾದ್ರೂ ದಾರಿ ಇದೆಯಾ ಸಾರ್?" ಅಂದೆ.

"ಇದೆ," ಅಂದರು ಅವರು. "ನಾಟಿ ಹಾಕಬಹುದು. ಮನೆ ಪೈರಿನ ಥರ ಬೆಳೆಯೋದಾದ್ರೆ ನಮ್ಮ ಅಡ್ಡಿ ಇಲ್ಲ."

೨. ತಂದೆಯ ಉದ್ಯೋಗ

ಮಗಳು ಶಾಲೆಯ ಫಾರಂ ತುಂಬುತ್ತಿದ್ದಳು. ಇಣುಕಿ ನೋಡಿದೆ. ತಂದೆಯ ಉದ್ಯೋಗ ಅನ್ನುವ ಕಡೆ ಕೃಷಿ ಅಂತ ಬರೆದಿದ್ದಳು. ನಮಗಿರುವುದು ಮನೆ ಹಿಂದಿನ ಆರು ಮೆಣಸಿನ ಬಳ್ಳಿ.

"ಸುಳ್ಳು ಯಾಕವ್ವ ಬರೀತೀಯ?"

ಅವಳು ತಲೆ ಎತ್ತಲಿಲ್ಲ. "ನೀನು ಗಿರಾಕಿಗಳಿಗೆ ಹೇಳೋದಕ್ಕಿಂತ ಚಿಕ್ಕದೇ ಅಪ್ಪ."

ಒಳಗೆ ದೋಸೆ ಹಾಕುತ್ತಿದ್ದ ಹೆಂಡತಿ ನಕ್ಕಿದ್ದು ಕೇಳಿಸಿತು. ನಾನು ಅಂದು ದೋಸೆ ತಿನ್ನಲಿಲ್ಲ. ಲೈಸೆನ್ಸ್ ತೆಗೆದುಕೊಂಡು, ಸರ್ಕಾರದ ಮುದ್ರೆ ಇರುವ ಬ್ರೋಕರ್ ಆಗಿ, ಮಗಳ ಕೈಯಲ್ಲಿ ನಿಜ ಬರೆಸುತ್ತೇನೆ ಅಂತ ತೀರ್ಮಾನಿಸಿದೆ. ಸಂಜೆ ಹಸಿವಾದಾಗ ಹೇಳಿದೆ. ಹೆಂಡತಿ ಅಂದಳು: "ತಗಳಿ. ಇಷ್ಟು ದಿನ ಜನ ಬಾಯಲ್ಲಿ ಬೈತಿದ್ರು. ಇನ್ಮೇಲೆ ಲೈಸೆನ್ಸ್ ನಂಬರ್ ಹಾಕಿ ಬರವಣಿಗೇಲಿ ಬೈತಾರೆ."

೩. ಹಿಡಿಸದ ಕಾಲಂ

ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕು. ಊರಿನ ಹತ್ತಿರ ಹಾಕಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಬಸ್ ಹತ್ತಿ ಕಲ್ಪೆಟ್ಟಕ್ಕೆ ಹೋದೆ. ಅಲ್ಲಿಯ ಕಂಪ್ಯೂಟರ್ ಅಂಗಡಿಯಲ್ಲಿ ಸಾಲು ನಿಂತಿದ್ದವರಲ್ಲಿ ಇಬ್ಬರು ನಮ್ಮೂರಿನವರೇ. ಪಿಂಚಣಿ ಕೆಲಸಕ್ಕೆ ಬಂದಿದ್ದರಂತೆ.

ಕಂಪ್ಯೂಟರ್ ಮುಂದೆ ಕೂತ ಹುಡುಗಿ ಪ್ರಶ್ನೆಗಳನ್ನು ಗಟ್ಟಿಯಾಗಿ ಓದುತ್ತ ಹೋದಳು.

"ಆಫೀಸ್ ವಿಳಾಸ?"

ಟೀ ಅಂಗಡಿಯ ಎರಡನೇ ಬೆಂಚು ಅಂತ ಹೇಳಲಾಗದೆ ಮನೆ ವಿಳಾಸ ಕೊಟ್ಟೆ.

"ನಿಮ್ಮ ಮೇಲೆ ದೂರು ಏನಾದ್ರೂ ಇದೆಯಾ ಚೇಟಾ?" ಅಣ್ಣ ಅನ್ನುವುದಕ್ಕೆ ಅಲ್ಲಿ ಚೇಟಾ.

"ಇಲ್ಲ," ಅಂದೆ, ಮೆಲ್ಲಗೆ.

ಹಿಂದಿನಿಂದ ಒಬ್ಬರು ಕೆಮ್ಮಿದರು. "ಆ ಬಾವಿ ವಿಷಯ ಬರ್ಕೊ ಮಗಳೇ. ಮಳೆಗಾಲದಲ್ಲಿ ತೋರಿಸಿ ಕೊಡಿಸಿದ್ದು. ಬೇಸಿಗೇಲಿ ಅದರಲ್ಲಿ ಮೊಲ ಮರಿ ಹಾಕಿತ್ತು."

"ದಾರಿ ಇಲ್ಲದ ಜಾಗಾನೂ ಸೇರಿಸು," ಅಂದರು ಇನ್ನೊಬ್ಬರು. "ಈಗ್ಲೂ ಆ ಮನೆಯವರು ಪಕ್ಕದವರ ಕೊಟ್ಟಿಗೆ ಒಳಗಿಂದ ಓಡಾಡ್ತಾರೆ."

"ಇವೆಲ್ಲ ಬಾಯಿಮಾತು, ಕೇಸ್ ಅಲ್ಲ," ಅಂತ ನಾನು ಬೆವರಿದೆ. ಸಾಲಿನಲ್ಲಿದ್ದ ಅಪರಿಚಿತರೂ ಈಗ ಕುತ್ತಿಗೆ ಚಾಚಿದ್ದರು. ಹುಡುಗಿ ಪಾಪ, ಪ್ರಾಮಾಣಿಕಳು. ಪರದೆಯ ಮೇಲೆ ಬೆರಳಿಟ್ಟು ಕಾಲಂ ಅಳತೆ ನೋಡಿ ಹೇಳಿದಳು:

"ಈ ಕಾಲಂನಲ್ಲಿ ಇಷ್ಟೆಲ್ಲ ಹಿಡಿಸಲ್ಲ ಚೇಟಾ. ಬೇರೆ ಹಾಳೆ ಲಗತ್ತಿಸ್ಲಾ?"

೪. ಅಜ್ಜಿಯ ಸಾಕ್ಷಿ

ಅಂತೂ ಲೈಸೆನ್ಸ್ ಬಂತು. ಅದನ್ನು ಚಿಕ್ಕದಾಗಿ ಮುದ್ರಿಸಿ, ಪ್ಲಾಸ್ಟಿಕ್ ಹಾಕಿಸಿ, ಕೊರಳಿಗೆ ನೇತುಹಾಕಿಕೊಂಡೆ. ಇನ್ನು ಸುಳ್ಳು ಹೇಳಬಾರದು ಎಂದು ನಿರ್ಧರಿಸಿದ್ದೆ. ಆದರೆ ಬೇರೆಯವರ ಬಾಯಲ್ಲಿ ಹೇಳಿಸಬಾರದು ಅಂತ ನಿರ್ಧರಿಸಿರಲಿಲ್ಲ.

ಕಾಡಂಚಿನ ಒಂದು ತೋಟ ನೋಡಲು ಮೈಸೂರಿನಿಂದ ಗಂಡ ಹೆಂಡತಿ ಬಂದರು. ಆ ಹೆಂಗಸು ಕಾರಿನಿಂದ ಇಳಿಯುವ ಮೊದಲೇ ಕೇಳಿದರು, "ಇಲ್ಲಿ ಆನೆ ಬರುತ್ತಾ?"

"ನಾನು ಹೇಳಿದ್ರೆ ವ್ಯಾಪಾರಕ್ಕೆ ಹೇಳಿದ ಹಾಗಾಗುತ್ತೆ ಮೇಡಂ. ತೋಟ ನೋಡ್ಕೊಳ್ಳೋ ಅಜ್ಜಿನ್ನೇ ಕೇಳಿ," ಅಂದೆ. ಅಜ್ಜಿಗೆ ಹಿಂದಿನ ದಿನವೇ ಎಲೆ ಅಡಿಕೆ ಕೊಟ್ಟು, 'ಬರಲ್ಲ' ಅನ್ನುವ ಒಂದೇ ಮಾತು ಹೇಳಿಕೊಟ್ಟಿದ್ದೆ.

"ಅಜ್ಜಿ, ಆನೆ ಬರುತ್ತಾ ಇಲ್ಲಿಗೆ?"

"ಬರಕಿಲ್ಲ ಕವ್ವ," ಅಂದಳು ಅಜ್ಜಿ. ನನ್ನ ಎದೆ ತಣ್ಣಗಾಯಿತು. ಆಕೆ ಎಲೆ ಅಡಿಕೆ ಉಗಿದು ಮಾತು ಮುಗಿಸಿದಳು: "ಹೋದ್ರೆ ತಾನೆ ಬರಾದು!"

೫. ಹಿರಿಯರು ಹೋದದ್ದು

ಇದನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ.

ಒಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ಕೂತಿದ್ದಾಗ ಯಾರೋ, "ಮೇಲಿನ ತಿರುವಿನ ಹಿರಿಯರು ಹೋದ್ರಂತೆ, ಮೈಸೂರಲ್ಲಿ" ಅಂದ ಹಾಗೆ ಕೇಳಿಸಿತು. ಮೇಲಿನ ತಿರುವಿನ ಹಿರಿಯರು ಅಂದರೆ ನಮ್ಮವರೇ. ನಾನು ದೊಡ್ಡಪ್ಪ ಅಂತಲೇ ಕರೆಯುವುದು. ರಸ್ತೆಗೆ ತಾಗಿದ ಒಂದು ಎಕರೆ ಅವರದ್ದು. ಗಂಡುಮಕ್ಕಳಿಬ್ಬರಿಗೂ ಊರಿನ ಮೇಲೆ ಆಸೆ ಇಲ್ಲ. ದುಃಖ ಆಯಿತು, ನಿಜವಾಗಿಯೂ. ಆದರೆ ದುಃಖದ ಬೆನ್ನಿಗೇ ಆ ಒಂದು ಎಕರೆಯೂ ಕಣ್ಣ ಮುಂದೆ ಬಂತು. ಅದಕ್ಕೇ ನಾಚಿಕೆ.

ಬಿಳಿ ಪಂಚೆ ಉಟ್ಟು, ಹೆಣದ ಮೇಲಿಡುವ ಹೂವಿನ ದೊಡ್ಡ ಚಕ್ರ ಕೊಂಡು, ಜೀಪು ಹತ್ತಿ ಹೋದೆ. ಗೇಟಿನಲ್ಲಿ ಒಬ್ಬರೂ ಇಲ್ಲ. ಹೆಣ ಇನ್ನೂ ಮೈಸೂರಿನಿಂದ ಬಂದಿಲ್ಲ ಅಂದುಕೊಂಡೆ. ಕಾಯುತ್ತ ಸುಮ್ಮನೆ ಯಾಕಿರಲಿ? ಹೂವಿನ ಚಕ್ರವನ್ನು ಗೇಟಿನ ಕಂಬಕ್ಕೆ ಸಿಗಿಸಿ, ರಸ್ತೆ ಬದಿಯ ಉದ್ದವನ್ನು ಹೆಜ್ಜೆಯಲ್ಲಿ ಅಳೆಯತೊಡಗಿದೆ. ನಲವತ್ತೊಂದು, ನಲವತ್ತೆರಡು...

"ಆ ಹಲಸಿನ ಮರನೂ ನಮ್ದೇ ಕಣ್ಲಾ. ಅದನ್ನ ಬಿಟ್ಟು ಅಳೀಬೇಡ."

ಜಗಲಿಯ ಮೇಲೆ ದೊಡ್ಡಪ್ಪ ಕೂತಿದ್ದರು, ಕರಿ ಕನ್ನಡಕ ಹಾಕಿಕೊಂಡು. ಮೈಸೂರಿಗೆ ಹೋಗಿದ್ದು ನಿಜ, ಕಣ್ಣಿನ ಪೊರೆ ತೆಗೆಸಲು. ಹಿಂದಿನ ದಿನವೇ ವಾಪಸ್ಸೂ ಬಂದಿದ್ದರು.

ನನ್ನ ಒಂದು ಕಾಲು ನಲವತ್ತಮೂರನೇ ಹೆಜ್ಜೆಗೆ ಎತ್ತಿದ್ದು ಹಾಗೇ ನಿಂತಿತು.

"ಗೇಟಲ್ಲಿ ಏನದು?"

"ಹೂವು, ದೊಡ್ಡಪ್ಪ. ಕಣ್ಣು ವಾಸಿಯಾಯ್ತಲ್ಲ ಅಂತ..."

"ಅಷ್ಟು ದೊಡ್ಡದಾ?"

ಸೊಸೆ ಹೊರಗೆ ಬಂದು, ಹೂವಿನ ಚಕ್ರ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅಳುವುದಕ್ಕಲ್ಲ. ನಾನು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದೆ. "ತಪ್ಪಾಯ್ತು ದೊಡ್ಡಪ್ಪ, ಹೊಡೀರಿ" ಅಂದೆ. ಅವರು ಹೊಡೆಯಲಿಲ್ಲ.

"ಕೊರಳಲ್ಲಿ ಏನೋ ಹೊಳೀತದಲ್ಲ, ಕೊಡು ಇಲ್ಲಿ."

ಲೈಸೆನ್ಸ್ ಕೊಟ್ಟೆ. ಕರಿ ಕನ್ನಡಕ ಹಣೆಗೆ ಏರಿಸಿ, ಹೊಸ ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಹಿಂದೆ ತಿರುಗಿಸಿಯೂ ಓದಿದರು. ಆಮೇಲೆ ಬಹಳ ಮರುಕದಿಂದ ನನ್ನ ಕೈಗೆ ವಾಪಸ್ ಇಟ್ಟರು.

"ಐದೇ ವರ್ಷಕ್ಕೆ ಮುಗೀತದಲ್ಲೋ ಇದು. ರಿನ್ಯೂ ಮಾಡಿಸ್ಕೊ ಮಗ. ಅಷ್ಟು ಬೇಗ ನಂಗೆ ಹೋಗಕ್ಕಾಗಕಿಲ್ಲ."