ಊರಿಗೇ ಬಾಯಿಪಾಠವಾಗಿದ್ದ ನಂಬರು

ನಗೆಪಾಟಲಿನ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಏನಾದರೂ ದೊಡ್ಡ ನಿರ್ಧಾರ ಮಾಡಿದೆನೋ, ಅವೇ ಮನೆ ಬಾಗಿಲಿಗೆ ಬರುತ್ತಿದ್ದವು. ಕಲಬುರಗಿಯಲ್ಲಿ ನನ್ನದೊಂದು ಪುಟ್ಟ ಇಂಟರ್‌ನೆಟ್ ಕಂಪನಿ ಇತ್ತು. ಕಂಪನಿ ಅಂದರೆ ಕುಸನೂರಿನ ಕಡೆ ಒಂದು ಅಂಗಡಿ, ಇಬ್ಬರು ಲೈನ್‌ಮನ್‌ಗಳು, ಒಂದು ಏಣಿ ಮತ್ತು ನನ್ನ ಮೊಬೈಲ್ ನಂಬರು. ನೆಟ್ ಹೋದರೆ ಜನ ನೇರ ನನಗೇ ಫೋನ್ ಹಚ್ಚುತ್ತಿದ್ದರು, ನಾನು ಹೋಗಿ ಸರಿ ಮಾಡಿ ಬರುತ್ತಿದ್ದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಬೆಳೆಯುವ ಹುಚ್ಚು ಹತ್ತಿತ್ತು.

ಮಾಳಿಗೆಯ ದಾರಿ

ಮೊದಲ ನಿರ್ಧಾರ, ಮೋಮಿನಪುರಕ್ಕೆ ಲೈನ್ ಎಳೆಯುವುದು. ಅಲ್ಲಿ ಒಂದು ಗಲ್ಲಿಯ ಕೊನೆಯ ಮನೆಯ ಚಾಚಾ ಕನೆಕ್ಷನ್ ಬೇಕೆಂದಿದ್ದರು. ಅವರ ಮನೆ ಮುಟ್ಟಬೇಕಾದರೆ ವೈರು ಮಾಳಿಗೆಯಿಂದ ಮಾಳಿಗೆಗೆ ದಾಟಿ ಹೋಗಬೇಕು. ಮೊದಲ ಮನೆಯವರು, ನಮ್ಮ ಗೋಡೆಗೆ ಮೊಳೆ ಹೊಡೆಯುತ್ತೀರಲ್ಲ, ನಮಗೆ ನೆಟ್ ಪುಕ್ಕಟೆ ಕೊಡಿ ಅಂದರು. ಮಾತು ನ್ಯಾಯವೇ ಅನ್ನಿಸಿ ಒಪ್ಪಿದೆ. ಎರಡನೆಯ ಮನೆಯವರು ಮೊದಲ ಮನೆ ತೋರಿಸಿದರು, ಮೂರನೆಯವರು ಎರಡನೆಯದನ್ನು. ಹೀಗೆ ಒಪ್ಪುತ್ತಾ ಒಪ್ಪುತ್ತಾ ಗಲ್ಲಿಯ ಕೊನೆ ಮುಟ್ಟಿದೆ. ಚಾಚಾ ನನ್ನನ್ನು ಕೂಡಿಸಿ ಚಹಾ ಕೊಟ್ಟರು. ತಿಂಗಳ ದರ ಹೇಳಿದಾಗ ಅವರ ಮುಖ ಸಣ್ಣದಾಯಿತು.

"ಪೂರಾ ಗಲ್ಲಿಗೆ ಮುಫತ್ ಕೊಟ್ಟೀರಿ ಬೇಟಾ," ಅಂದರು. "ನಾ ಒಬ್ಬನೇ ರೊಕ್ಕ ಕೊಟ್ರ ಮಂದಿ ನನಗ ಏನಂತಾರ?"

ಅವರ ಮಾನದ ಪ್ರಶ್ನೆ. ನಾನು ಅದಕ್ಕೂ ಒಪ್ಪಿ, ಇನ್ನೊಂದು ಕಪ್ ಚಹಾ ಕುಡಿದು ಎದ್ದುಬಂದೆ.

ಕೆಂಪು ಬಾಳೆಹಣ್ಣು

ಇಷ್ಟಾದರೂ ಬುದ್ಧಿ ಬರಲಿಲ್ಲ. ಎರಡನೆಯ ನಿರ್ಧಾರ, ಕಮಲಾಪುರ. ಇದ್ದದ್ದನ್ನು ಚೆಂದಾಗಿ ನೋಡಿಕೊಳ್ಳಿ, ಅಷ್ಟು ದೂರ ಯಾಕೆ ಎಂದು ಹೆಂಡತಿ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಮಲಾಪುರದ ಒಂದು ಹೋಟೆಲಿನಲ್ಲಿ ಅಲ್ಲಿನ ವ್ಯಾಪಾರಸ್ಥರನ್ನು ಕೂಡಿಸಿ ಮಾತಾಡಿದೆ. ಎಲ್ಲರೂ ಕನೆಕ್ಷನ್ ತಗೋತೀವಿ ಅಂದರು. ಆದರೆ ಕಿರಾಣಿ ಅಂಗಡಿಯ ಹಿರಿಯರದು ಒಂದೇ ಕರಾರು. ನೆಟ್ ಹೋದರೆ ಬೇರೆ ಯಾರೂ ಬರಕೂಡದು, ನೀವೇ ಬರಬೇಕು. ನನಗೆ ಎದೆ ಉಬ್ಬಿತು. ಮಾತು ಕೊಟ್ಟೆ.

ಲೈನ್ ಎಳೆದು ವಾರವಾಗಿರಲಿಲ್ಲ, ಆ ಹಿರಿಯರ ಫೋನ್ ಬಂತು, ನೆಟ್ ಹೋಗ್ಯದ ಎಂದು. ಸುಡುಸುಡು ಬಿಸಿಲಿನಲ್ಲಿ ಬೈಕ್ ಹತ್ತಿ ಹೋದೆ. ಹೋಗಿ ನೋಡಿದರೆ ಅವರ ಮೊಮ್ಮಗಳು ಹಾಯಾಗಿ ವಿಡಿಯೋ ನೋಡುತ್ತಿದ್ದಾಳೆ. ಏನಾಗಿತ್ತು ಎಂದು ಕೇಳಿದೆ.

"ಏನೂ ಆಗಿದ್ದಿಲ್ಲರಿ," ಅಂದರು ಹಿರಿಯರು, ಸಂತೋಷದಿಂದ. "ಕರದ್ರ ಬರ್ತೀರೋ ಇಲ್ಲೋ ನೋಡಬೇಕಾಗಿತ್ತು. ಬಂದ್ರಿ. ಖರೇ ಮನಶಾ ಇದ್ದೀರಿ."

ಕೈಗೆ ಒಂದು ಹಣಿಗೆ ಕೆಂಪು ಬಾಳೆಹಣ್ಣು ಕೊಟ್ಟು ಕಳಿಸಿದರು. ಆಮೇಲೆ ಅವರ ಮಾತು ಕೇಳಿ ಉಳಿದವರೂ ಒಬ್ಬೊಬ್ಬರಾಗಿ ನನ್ನನ್ನು ಪರೀಕ್ಷೆ ಮಾಡತೊಡಗಿದರು. ನಾನು ಕಮಲಾಪುರದಲ್ಲಿದ್ದಾಗ ಕಲಬುರಗಿಯಲ್ಲಿ ನೆಟ್ ಹೋಗುತ್ತಿತ್ತು, ಇಲ್ಲಿ ಏಣಿ ಹತ್ತಿದಾಗ ಅಲ್ಲಿಂದ ಫೋನ್. ಕಂಪನಿ ಬೆಳೆಯಿತೋ ಇಲ್ಲವೋ, ಮನೆಯಲ್ಲಿ ಬಾಳೆಹಣ್ಣಿಗೆ ಮಾತ್ರ ಕಡಿಮೆ ಇರಲಿಲ್ಲ.

ನಳದ ನೀರು

ಓಡಾಡಿ ಓಡಾಡಿ ಸೊಂಟ ಹಿಡಿದ ಹೊತ್ತಿಗೆ ಒಂದು ದೊಡ್ಡ ಕಂಪನಿಯವರು ಮನೆಗೆ ಬಂದರು. ನಿಮ್ಮದನ್ನು ನಮಗೆ ಕೊಡಿ, ಇಲ್ಲವಾದರೆ ಪಕ್ಕದಲ್ಲೇ ನಾವೂ ಲೈನ್ ಎಳೆಯುತ್ತೇವೆ ಎಂದು ಬಹಳ ನಯವಾಗಿ ಹೇಳಿದರು. ಮಾತಿನ ನಡುವೆ ನನ್ನ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ತಾಜಸುಲ್ತಾನಪುರದ ಒಬ್ಬ ಅವ್ವ ಕೇಳಿದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. "ಯಪ್ಪಾ, ನಳಕ್ಕ ನೀರ ಯಾಕ ಬಂದಿಲ್ಲೋ?"

ನೀವು ನೀರನ್ನೂ ಬಿಡುತ್ತೀರಾ ಎಂದು ಅಧಿಕಾರಿ ಕೇಳಿದ. ಇಲ್ಲ, ಯಾವಾಗ ಬರುತ್ತದೆಂದು ವಿಚಾರಿಸಿ ಹೇಳುತ್ತೇನೆ ಅಂದೆ. ಅವನು ಜೊತೆಗಿದ್ದವನ ಮುಖ ನೋಡಿದ. ಹಾಗಾದರೆ ಈ ನಂಬರೂ ನಮಗೆ ಬೇಕು ಅಂದ.

ವೈರು, ನೆಟ್ಟಿನ ಡಬ್ಬಿ, ಏಣಿ ಎಲ್ಲ ಕೊಡಲು ಒಪ್ಪಿದ್ದ ಹೆಂಡತಿ ಒಳಗಿನಿಂದ ಎದ್ದು ಬಂದಳು. "ನಂಬರ್ ಒಂದು ಕೊಡಬ್ಯಾಡ್ರಿ," ಅಂದಳು. "ಅದು ಹೋದ್ರ ನೀವೂ ಹೋದಂಗ."

ನಂಬರಿನದೇನು ದೊಡ್ಡ ಮಾತು, ಹೊಸದೊಂದು ಸಿಮ್ ತಗೊಂಡರಾಯಿತು ಎಂದು ನಕ್ಕು ಸಹಿ ಹಾಕಿದೆ. ಹಾಕಬಾರದಿತ್ತು. ಇವತ್ತಿಗೂ ಹಳಹಳಿಸುವುದು ಅದಕ್ಕೇ. ಮರುದಿನ ಹೊಸ ಫೋನ್ ಮುಂದಿಟ್ಟುಕೊಂಡು ಕೂತೆ, ಸಂಜೆತನಕ ಯಾರ ಫೋನೂ ಬರಲಿಲ್ಲ. ನಮ್ಮ ನಳಕ್ಕೂ ಅವತ್ತು ನೀರು ಬಂದಿರಲಿಲ್ಲ, ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಗೊತ್ತಿದ್ದ ಮನುಷ್ಯ

ಕಳೆದ ತಿಂಗಳು ನಮ್ಮ ಮನೆಯ ನೆಟ್ಟೇ ಹೋಯಿತು. ಕನೆಕ್ಷನ್ ಹೆಂಡತಿಯ ಹೆಸರಿನಲ್ಲಿದೆ. ಡಬ್ಬಿ ನಾನು ಮುಟ್ಟುವ ಹಾಗಿಲ್ಲ, ಕರಾರಿನಲ್ಲಿ ಹಾಗೆಂದು ಬರೆದಿದೆ, ಏಣಿಯೂ ಅವರದೇ. ಹೆಂಡತಿ, ಹಚ್ಚಿ ನಿಮ್ಮ ದೊಡ್ಡ ಕಂಪನಿಗೆ ಎಂದು ಅವರ ಗ್ರಾಹಕ ಸೇವೆಯ ನಂಬರು ಕೊಟ್ಟಳು. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳಿದ್ದನ್ನೆಲ್ಲ ಒತ್ತಿ, ಸಂಗೀತವನ್ನೆಲ್ಲ ಕೇಳಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಮಾತಾಡಿದಳು. ದೂರು ಬರೆದುಕೊಂಡಿದ್ದೇವೆ, ನಮ್ಮ ಪ್ರತಿನಿಧಿ ಸಂಪರ್ಕಿಸುತ್ತಾರೆ ಎಂದು ಗಿಳಿಪಾಠ ಒಪ್ಪಿಸಿದಳು. ನನ್ನ ಮಾತಿನ ಧಾಟಿ ಕೇಳಿ ಯಾವ ಊರಿನವರು ಎಂದು ಕೇಳಿದಳು. ಕಲಬುರಗಿ ಅಂದೆ. ಹುಡುಗಿಯ ದನಿ ತಟ್ಟನೆ ಇಳಿಯಿತು.

"ಕಾಕಾ, ನಾನೂ ಅಲ್ಲೇ ಹತ್ತಿರದಾಕೀನೇ," ಅಂದಳು. "ಯಾರಿಗೂ ಹೇಳಬ್ಯಾಡ್ರಿ. ಇಲ್ಲಿ ದೂರು ಕೊಟ್ರ ಲಗೂನೆ ಆಗಂಗಿಲ್ಲ. ನಿಮ್ಮ ಊರಾಗ ಹಳೆ ಮಾಲಕರು ಒಬ್ಬರು ಅದಾರ. ಫೋನ್ ಹಚ್ಚಿದ್ರ ತಾವೇ ಬಂದು ಮಾಡಿ ಹೋಗ್ತಾರ. ನಮ್ಮಪ್ಪಗ ಅವರ ನಂಬರ್ ಬಾಯಿಪಾಠ. ಬರ್ಕೋರಿ."

ಅವಳು ಒಂದೊಂದೇ ಅಂಕಿ ಹೇಳಿದಳು. ನಾನೂ ಬರೆದುಕೊಂಡೆ. ಎದುರು ಕೂತಿದ್ದ ಹೆಂಡತಿ ಚೀಟಿ ನೋಡಿದಳು, ನನ್ನ ಮುಖ ನೋಡಿದಳು. ಹಚ್ಚಿ ನೋಡಿ ಅಂದಳು.

ಹಚ್ಚಿದೆ. ಅದೇ ಯಂತ್ರ ಎತ್ತಿತು. ಸ್ವಾಗತ ಅಂದಿತು, ನಿಮ್ಮ ಕರೆ ನಮಗೆ ಅಮೂಲ್ಯ ಅಂದಿತು, ಆಮೇಲೆ ಅದೇ ಸಂಗೀತ.

"ಏನಂತ?" ಹೆಂಡತಿ ಕೇಳಿದಳು. "ಬರ್ತಾನಂತೇನು ಅಂವ?"

"ಮೊದಲಾಗಿದ್ರ ಬರ್ತಿದ್ದ," ಅಂದೆ.